ಕಿಟಕಿಯಾಚೆಯ ಬದನೆ ಸಸಿಗಳು

ಬದನೆ ಎಲೆಯ ಹಸಿ ವಾಸನೆ ಮೂಗಿಗೆ ತಾಕಿದರೆ ಈಗಲೂ ಬೂಕನಕೆರೆಯ ಮನೆಯ ಆ ಕೋಣೆ ನೆನಪಾಗುತ್ತದೆ. ಮೈನೆರೆದ ನನ್ನನ್ನು ಅಲ್ಲಿ ಕೂರಿಸಿ ಎರಡು ದಿನವಾಗಿತ್ತು. ಹಿತ್ತಿಲಲ್ಲಿ ನಾನೇ ನೆಟ್ಟು, ದಿನವೂ ನೀರೆರೆಯುತ್ತಿದ್ದ ಬದನೆ ಸಸಿಗಳು ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದಿದ್ದವು.

ಕಿಟಕಿಯ ಸರಳು ಹಿಡಿದು ಕೂಗಿದೆ: “ಅಜ್ಜಿ, ಒಂದೇ ಒಂದ್ ಬಿಂದಿಗೆ ನೀರ್ ಹಾಕ್ಬುಟ್ಟು ಬತ್ತೀನಿ.”

“ನೀನ್ ಮುಟ್ಟುದ್ರೆ ಗಿಡ ಸತ್ತೋಯ್ತವೆ ಕಣವ್ವ. ಸುಮ್ಕೆ ಕೂತ್ಕೊ, ಸಂಜೆ ನಾನೇ ಹಾಕ್ತೀನಿ” ಎಂದಳು ಅಜ್ಜಿ.

ನನಗಾಗಿ ಎಳ್ಳು ಬೆಲ್ಲದ ಚಿಗಳಿ ಕುಟ್ಟುವ ಗಡಿಬಿಡಿಯಲ್ಲಿ ಅವಳು ಆ ಸಂಜೆಯೂ ಮರೆತಳು, ಮರುದಿನವೂ ಮರೆತಳು. ಅದರ ಮಾರನೆಯ ದಿನ ಸಸಿಗಳೆಲ್ಲ ಒಣಗಿ ನೆಲಕ್ಕೊರಗಿದ್ದವು. ಅಜ್ಜಿ ಒಂದನ್ನು ಕಿತ್ತು ನೋಡಿ ನನ್ನತ್ತ ತಿರುಗಿದಳು.

“ಕಿಟಕೀಲಿ ನೋಡ್ತಾ ಕುಂತಿದ್ದಲ್ಲ, ಅದ್ಕೇಯಾ” ಎಂದವಳೇ ಕಿಟಕಿಯನ್ನೂ ಹೊರಗಿನಿಂದ ಮುಚ್ಚಿಬಿಟ್ಟಳು.