ಪೂರ್ಣ ಹಾಜರಿ

ಹಳ್ಳದಾಚೆಯ ವಸ್ತಿಗೆ ರಸ್ತೆ ಬೇಕೆಂಬ ಅರ್ಜಿ ಹೋದ ವರ್ಷದ ಗ್ರಾಮಸಭೆಯಲ್ಲಿ ಬಿದ್ದುಹೋಗಿತ್ತು. ಎದೆಮಟ್ಟದ ನೀರು ದಾಟಿ ಬಂದವರು ಐದೇ ಜನ. 'ಸಾರ್ವಜನಿಕರಿಗೆ ಆಸಕ್ತಿ ಇಲ್ಲ' ಎಂದು ಎಂಜಿನಿಯರ್ ಸಾಹೇಬರು ಷರಾ ಬರೆದಿದ್ದರು.

ಈ ವರ್ಷ ವಸ್ತಿಯ ನಿಂಬೆವ್ವ ಮನೆಮನೆ ತಿರುಗಿದಳು. "ನನ್ನ ಮಗಳ ಕೂಸು ದವಾಖಾನಿ ಮುಟ್ಟದ ಹಳ್ಳದ ದಂಡ್ಯಾಗ ಹೋತು. ಇನ್ನೊಂದು ಹೋಗೂದು ಬ್ಯಾಡ. ಎಲ್ಲಾರೂ ಬರ್ರಿ."

ಈ ಸಲವೂ ನೀರು ಅಷ್ಟೇ ಇತ್ತು. ಹಗ್ಗ ಕಟ್ಟಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಡೀ ವಸ್ತಿ ಹಳ್ಳ ದಾಟಿತು. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ನಿಂಬೆವ್ವನ ಅತ್ತೆಯನ್ನು ನಾಲ್ವರು ಹೊರಸಿನ ಸಮೇತ ತಲೆಯ ಮೇಲೆ ಹೊತ್ತು ಸಭೆಗೆ ತಂದರು.

"ಮನ್ಯಾಗ ಯಾರೂ ಉಳದಿಲ್ಲೇನವ್ವಾ?" ಸಾಹೇಬರು ಕೇಳಿದರು.

"ಒಬ್ಬರೂ ಇಲ್ರಿ. ನಾಯಿ ಸುದ್ದಾ ಬಂದಾವ್ರಿ."

"ಹೊರಸಿನ ಮ್ಯಾಲೆ ಯಾರು?"

"ನಮ್ಮ ಅತ್ತಿರಿ. ಆಕಿನೂ ಹೆಬ್ಬಟ್ಟು ಒತ್ಯಾಳ್ರಿ. ಈ ಸಲಾನರ ರಸ್ತಾ ಬರಕೊಳ್ರಿ ಸಾಹೇಬ್ರ."

ಸಾಹೇಬರು ಮೆಚ್ಚಿ ತಲೆದೂಗಿದರು. ಪೆನ್ನು ತೆಗೆದು ಅರ್ಜಿಯ ಮೇಲೆ ಬರೆದರು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು:

"ಹಾಸಿಗೆ ಹಿಡಿದ ವೃದ್ಧೆ ಸಹಿತ ವಸ್ತಿಯ ಎಲ್ಲ ನಿವಾಸಿಗಳೂ ಸಭೆಗೆ ಬಂದು ತಲುಪಿರುತ್ತಾರೆ. ಆದ್ದರಿಂದ ಈಗಿರುವ ದಾರಿಯೇ ಸಾಕಾಗಿರುತ್ತದೆ."