ತೂತುಗೂಡಿನ ತೋರಣ

ಒಲೆಯ ಉರಿಗೆ ಕೂದಲೆಳೆ ಬಿದ್ದು ಕಮರು ವಾಸನೆ ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ರೇಷ್ಮೆಗೂಡು ಸುಟ್ಟರೂ ಅದೇ ವಾಸನೆ.

ತಾಯಲೂರಿನ ನಮ್ಮ ಮನೆಯಲ್ಲಿ ರೇಷ್ಮೆ ಬೆಳೆಯುತ್ತಿದ್ದೆವು. ಆ ಯುಗಾದಿಗೆ, ಚಿಟ್ಟೆ ಕೊರೆದು ತೂತಾದ ಗೂಡುಗಳನ್ನು ಅರಿಶಿನದ ನೀರಲ್ಲಿ ಅದ್ದಿ ಅಮ್ಮನೂ ನಾನೂ ತೋರಣ ಪೋಣಿಸಿದೆವು. "ಚೆನ್ನಾಗಿರುತ್ತೆ ಕಣೇ" ಎಂದು ಶುರು ಮಾಡಿದವಳೇ ಅಮ್ಮ.

ದೊಡ್ಡಪ್ಪ ಬಾಗಿಲಲ್ಲೇ ನಿಂತರು. "ತೂತುಗೂಡು ಬಾಗಿಲಿಗೆ ಕಟ್ಟಿದ್ರೆ ಮುಂದಿನ ಬೆಳೆ ಕೈಗೆ ಹತ್ತುತ್ತಾ? ಯಾರ ಬುದ್ಧಿ ಇದು?" ಎಂದು ತೋರಣ ಕಿತ್ತು ಒಲೆಗೆ ಹಾಕಿದರು.

"ಇವಳದೇ, ಭಾವ. ಹೇಳಿದ್ರೆ ಕೇಳಲ್ಲ" ಎಂದ ಅಮ್ಮ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ದೊಡ್ಡಪ್ಪ ನನ್ನ ಕೆನ್ನೆಗೆ ಬಾರಿಸಿದರು.

ಮಧ್ಯಾಹ್ನ ಅಮ್ಮ ಒಬ್ಬಟ್ಟು ಬಡಿಸಲು ನನ್ನೆದುರು ಬಗ್ಗಿದಳು. ಅವಳ ಬೆರಳುಗಳು ಇನ್ನೂ ಹಳದಿಯಾಗಿದ್ದವು.

ನಾನು ಎಲೆ ಮಡಚಿ ಎದ್ದೆ.