ದಿಂಬಿನ ಬಿಳಿ ಗವಸು

ಗಿರಾಕಿ ಅಳತೆಗೆಂದು ಕೈ ಚಾಚಿ ನಿಂತಾಗ, ಏಳಲು ಹೊರಟ ದರ್ಜಿ ಮತ್ತೆ ಕೂತುಬಿಟ್ಟ. ಕುರ್ಚಿಯ ದಿಂಬಿಗೆ ತಾನೇ ಹೊಲಿದು ಹಾಕಿದ್ದ ಕಡುಗೆಂಪು ಗವಸು ಇರಲಿಲ್ಲ. ತೊಡೆಯ ಪಕ್ಕದಲ್ಲಿ ಇಣುಕುತ್ತಿದ್ದುದು ಬಿಳಿ ಬಟ್ಟೆ.

"ಕೆಂಪು ಗವಸು ಎಲ್ಲೇ?" ಎಂದ, ಗುಂಡಿ ಹೊಲಿಯುತ್ತಿದ್ದ ಹೆಂಡತಿಗಷ್ಟೇ ಕೇಳುವಂತೆ.

"ಒಗೆಯೋಕೆ ನೆನೆಹಾಕಿದೆ. ನೀರೆಲ್ಲ ಕೆಂಪಾಯ್ತು. ಅದು ಬಣ್ಣ ಬಿಡೋ ಬಟ್ಟೆ ಅಲ್ಲ, ನಂಗೊತ್ತು."

"ಮೂಲವ್ಯಾಧಿ ಅಷ್ಟೇ ಕಣೇ. ದಿನಾ ಬಿಸಿನೀರಲ್ಲಿ ಕೂತ್ಕೋತೀನಿ, ಇಸಬಗೋಲು ಕುಡೀತೀನಿ, ಲೋಳೆಸರ ಹಚ್ಕೋತೀನಿ. ಕಡಿಮೆ ಆಗ್ತಿದೆ." ಆರು ತಿಂಗಳಲ್ಲಿ ತನ್ನ ಪ್ಯಾಂಟಿನ ಸೊಂಟವನ್ನು ಎರಡು ಸಲ ಹಿಡಿದು ಹೊಲಿದುಕೊಂಡಿದ್ದನ್ನು ಅವನು ಹೇಳಲಿಲ್ಲ.

"ನಮ್ಮಪ್ಪನೂ ಎರಡು ವರ್ಷ ಮೂಲವ್ಯಾಧಿ ಅಂತ ಬಿಸಿನೀರಲ್ಲೇ ಕೂತ್ರು. ಅದಲ್ಲ ಅಂತ ಗೊತ್ತಾಗಿದ್ದು ಸಾಯೋ ತಿಂಗಳಲ್ಲಿ." ಅವಳು ಸೂಜಿ ಕೆಳಗಿಟ್ಟು ಕಡ್ಡಿ ಮುರಿದಂತೆ ಹೇಳಿದಳು: "ಕಡಿಮೆ ಆಗಿದ್ರೆ ಏಳಿ."

ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಅವನು ನಿಧಾನವಾಗಿ ಎದ್ದ. ಹಿಂದೆ ತಿರುಗಿ ದಿಂಬು ನೋಡುವ ಧೈರ್ಯವಾಗದೆ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಗಿರಾಕಿಗೆ ಹೇಳುತ್ತಿದ್ದಳು: "ಇನ್ನೊಂದಿನ ಬನ್ನಿ ಅಣ್ಣಾ, ಅಂಗಡಿ ಮುಚ್ತಿದೀವಿ."